ಎಡಕ್ಕೆ ಹೋಗದ ಮಾರಿಯೋ

ಮೊನ್ನೆ ಆಫೀಸಿನ ಗ್ರೂಪಿನಲ್ಲಿ ಯಾರೋ ಒಂದು ಫೋಟೊ ಹಾಕಿದ್ದರು. ಹಳದಿ ಕ್ಯಾಸೆಟ್, ಮೇಲೆ ‘9999999 ಇನ್ 1’ ಅಂತ ಚೀಟಿ. ಕೆಳಗೆ ಸಾಲುಸಾಲು ಹಾರ್ಟು. ‘ಊದಿ ಹಾಕಿದ್ರೆ ನಡೀತಿತ್ತು’ ಅಂತ ಒಬ್ಬ, ‘ಇದು ನೈಂಟೀಸ್ ಹುಡುಗರಿಗೆ ಮಾತ್ರ ಗೊತ್ತು’ ಅಂತ ಇನ್ನೊಬ್ಬ. ನಾನೂ ಒಂದು ಹಾರ್ಟು ಒತ್ತಿದೆ. ಒತ್ತಿದ ಮೇಲೆ ಯಾಕೋ ಸುಳ್ಳು ಸಾಕ್ಷಿಗೆ ಸಹಿ ಹಾಕಿದ ಹಾಗನ್ನಿಸಿತು.

ಮಾರಿಯೋ ಬಗ್ಗೆ ನಾವು ಬರೆಯೋದೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಬೇಸಿಗೆ ರಜೆ, ಕಾಂಟ್ರಾ, ಬಾತುಕೋಳಿಗೆ ಗನ್ನು ಹಿಡಿಯೋ ಆಟ, ಅಮ್ಮನ ಬೈಗುಳ, ಕೊನೆಗೆ ‘ಆ ದಿನಗಳು ಮತ್ತೆ ಬರಲ್ಲ’. ಆಟ ಹೇಗಿತ್ತು ಅನ್ನೋದು ಮಾತ್ರ ಅದರಲ್ಲಿ ಎಲ್ಲೂ ಇರಲ್ಲ. ರಿಮೋಟು ಯಾರ ಕೈಯಲ್ಲಿತ್ತು ಅನ್ನೋದಂತೂ ಇರೋದೇ ಇಲ್ಲ. ಇವೆರಡನ್ನೂ ಒಂದು ಸಲ ನೋಡೋಣ ಅಂತ ಈ ಬರಹ.

ನಮ್ಮೂರು ಶರಣಸಿರಸಗಿ. ಗುಲ್ಬರ್ಗದ ಮಗ್ಗುಲಲ್ಲೇ ಇರೋ ಹಳ್ಳಿ (ಗುಲ್ಬರ್ಗ ಕಲಬುರಗಿ ಆಗಿದ್ದು 2014ರಲ್ಲಿ, ನಾನು ಹೇಳ್ತಿರೋದು ಅದಕ್ಕೂ ಮುಂಚಿನ ಮಾತು). 1997ರಲ್ಲಿ ತೊಗರಿ ರಾಶಿ ಮುಗಿದ ಮೇಲೆ ನಮ್ಮ ಕಾಕಾ ಸೂಪರ್ ಮಾರ್ಕೆಟ್‌ನಿಂದ ಒಂದು ವಿಡಿಯೋ ಗೇಮ್ ತಂದ. ಬೆಂಗಳೂರಿನವರಿಗೆ ಒಂದು ಮಾತು: ನಮ್ಮಲ್ಲಿ ಸೂಪರ್ ಮಾರ್ಕೆಟ್ ಅಂದ್ರೆ ಎಸಿ ಅಂಗಡಿಯಲ್ಲ, ಅದೊಂದು ಇಡೀ ಪೇಟೆ. ಆಗ ಮೀಡಿಯಾ, ಸಮುರಾಯ್, ಲಿಟಲ್ ಮಾಸ್ಟರ್ ಅಂತೆಲ್ಲ ಹೆಸರಿನ ಮಷೀನುಗಳು ಓಡ್ತಿದ್ದವು. ನಮ್ಮದರ ಮೇಲೆ ಯಾವ ಹೆಸರೂ ಇರಲಿಲ್ಲ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಬಿಟ್ಟ ಫ್ಯಾಮಿಕಾಮ್ ಅನ್ನೋ ಮಷೀನಿನ ನಕಲು ಅದು ಅಂತ ನಂಗೆ ತಿಳಿದದ್ದು ಇಂಜಿನಿಯರಿಂಗ್ ಓದುವಾಗ. ಕ್ಯಾಸೆಟ್ಟಿನ ಮೆನುವಿನಲ್ಲಿ ಮಾರಿಯೋ ಹೆಸರು ಹತ್ತಾರು ಕಡೆ ಇತ್ತು. ಇದೊಂದು ಸರಣಿ, ಎಲ್ಲ ಭಾಗಗಳೂ ನಮ್ಮ ಹತ್ತಿರ ಇವೆ ಅಂತ ನಾವು ಬೀಗುತ್ತಿದ್ದೆವು. ಅಸಲಿಗೆ ಇದ್ದದ್ದು 1985ರ ಒಂದೇ ‘ಸೂಪರ್ ಮಾರಿಯೋ ಬ್ರದರ್ಸ್’. ಒಂದೊಂದು ಹೆಸರು ಒತ್ತಿದರೆ ಒಂದೊಂದು ಸ್ಟೇಜಿನಿಂದ ಶುರುವಾಗುತ್ತಿತ್ತು, ಅಷ್ಟೇ. ನಿಜವಾದ ಮೂರನೇ ಭಾಗ ಬಂದದ್ದು 1988ರಲ್ಲಿ. ಅದನ್ನ ನಾನು ನೋಡಿದ್ದು ಹಾಸ್ಟೆಲಿನ ಕಂಪ್ಯೂಟರಿನಲ್ಲಿ.

ಮೊದಲನೇ ಸ್ಟೇಜನ್ನೇ ತಗೊಳ್ಳಿ. ಜಗತ್ತಿನ ಗೇಮ್ ಡಿಸೈನ್ ಪಾಠಗಳಲ್ಲೆಲ್ಲ ಬರೋ ಸ್ಟೇಜು ಅದು. ಮಾರಿಯೋ ಪರದೆಯ ಎಡಗಡೆ ನಿಂತಿರ್ತಾನೆ, ಬಲಗಡೆ ಖಾಲಿ. ಅಂದ್ರೆ ಹೋಗಬೇಕಾದ್ದು ಬಲಕ್ಕೆ. ಒಂದು ಪ್ರಾಣಿ ಎದುರು ಬರುತ್ತೆ. ಹಾರದಿದ್ರೆ ಸಾಯ್ತೀರಿ, ಸತ್ತರೆ ಹಾರೋದು ಕಲೀತೀರಿ. ಮುಂದೆ ಇಟ್ಟಿಗೆಗಳ ನಡುವೆ ಪ್ರಶ್ನೆ ಚಿಹ್ನೆಯ ಡಬ್ಬಿ. ಗುದ್ದಿದರೆ ಅಣಬೆ ಹೊರಬಂದು ಬಲಕ್ಕೆ ಜಾರಿ, ಕೆಳಗೆ ಬಿದ್ದು, ಪೈಪಿಗೆ ಬಡಿದು ವಾಪಸ್ ನಿಮ್ಮ ಕಡೆಗೇ ಬರುತ್ತೆ. ಆಟಗಾರ ಇದನ್ನೂ ಶತ್ರು ಅಂತ ತಿಳಿದು ತಪ್ಪಿಸಿಕೊಳ್ಳಬಹುದು, ಆದರೆ ತಪ್ಪಿಸಿಕೊಳ್ಳೋದು ಕಷ್ಟ ಆಗೋ ಹಾಗೆ ಪೈಪು, ಇಟ್ಟಿಗೆ ಜೋಡಿಸಿದ್ದಾರೆ. ತಾಗಿದ ಮೇಲೆ ಮಾರಿಯೋ ದೊಡ್ಡವನಾಗ್ತಾನೆ, ಓಹೋ ಇದು ಒಳ್ಳೇದು ಅಂತ ಗೊತ್ತಾಗುತ್ತೆ. ಆಟ ಮಾಡಿದ ಶಿಗೆರು ಮಿಯಾಮೋಟೊ, ತಕಾಶಿ ತೆಜುಕಾ ಇಬ್ಬರೂ 30 ವರ್ಷ ತುಂಬಿದಾಗ, 2015ರಲ್ಲಿ, ಇದನ್ನ ಬಿಡಿಸಿ ಹೇಳಿದ್ದಾರೆ. ಒಂದು ಅಕ್ಷರ ಓದದೆ ಕಲಿಯಬಹುದಾದ ಪಾಠ.

ನಮ್ಮ ಮನೇಲಿ ಈ ಪಾಠ ಅಷ್ಟು ಸಲೀಸಾಗಿ ನಡೀಲಿಲ್ಲ. ನಮ್ಮದು ಬ್ಲ್ಯಾಕ್ ಅಂಡ್ ವೈಟ್ ಟಿವಿ. ಶತ್ರು ಪ್ರಾಣಿಯೂ ಅಣಬೆ ಆಕಾರದ್ದೇ, ಒಳ್ಳೆ ಅಣಬೆಯೂ ಅಣಬೆಯೇ. ಬಣ್ಣ ತೆಗೆದರೆ ಎರಡೂ ಅಣ್ಣತಮ್ಮಂದಿರು. ಅಣಬೆ ತಾಗಿದರೆ ಮನುಷ್ಯ ಬೆಳೀತಾನೆ ಅನ್ನೋದು ಎರಿ ಹೊಲದ ಹುಡುಗರಿಗೆ ಹೊಳೆಯೋ ಮಾತೂ ಅಲ್ಲ. ನಾನು ಒಂದು ವಾರ ಒಳ್ಳೆ ಅಣಬೆ ಬಂದಾಗೆಲ್ಲ ಇಟ್ಟಿಗೆ ಮೇಲೆ ಹತ್ತಿ ಕೂತಿದ್ದೀನಿ.

ಬಣ್ಣ ಇಲ್ಲದ್ದರಿಂದ ಒಂದು ಲಾಭವೂ ಆಯ್ತು. ‘ಅಣ್ಣಾ, ಮ್ಯಾಲಿನ ಮೋಡ, ಕೆಳಗಿನ ಗಿಡ ಎರಡೂ ಒಂದೇ ಅವ ನೋಡು’ ಅಂದಳು ನನ್ನ ತಂಗಿ. ನಾನು ‘ಸುಮ್ನ ಕೂಡಲೇ’ ಅಂದೆ. ಎಷ್ಟೋ ವರ್ಷದ ಮೇಲೆ ಇಂಟರ್ನೆಟ್ಟಿನಲ್ಲಿ ಇದೊಂದು ದೊಡ್ಡ ಅಚ್ಚರಿ ಅಂತ ಓಡಾಡಿತು: ಮಾರಿಯೋದಲ್ಲಿ ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಿಳಿ ಹಚ್ಚಿದರೆ ಮೋಡ, ಹಸಿರು ಹಚ್ಚಿದರೆ ಪೊದೆ. ಇಡೀ ಆಟ ಇರೋದೇ 40 ಕೆಬಿಯಲ್ಲಿ. ನಿಮ್ಮ ದೊಡ್ಡಪ್ಪ ಬೆಳಿಗ್ಗೆ ಕಳಿಸೋ ಗುಡ್ ಮಾರ್ನಿಂಗ್ ಚಿತ್ರ ಅದಕ್ಕಿಂತ ಭಾರ ಇರುತ್ತೆ. ಅಷ್ಟರಲ್ಲಿ 32 ಸ್ಟೇಜು, ಕೊಜಿ ಕೊಂಡೊ ಕಟ್ಟಿದ ಸಂಗೀತ, ನೀರು, ಕೋಟೆ ಎಲ್ಲ ಹಿಡಿಸಬೇಕು ಅಂದ್ರೆ ಮೋಡವನ್ನೇ ಕೆಳಗಿಳಿಸಿ ಗಿಡ ಮಾಡಬೇಕು. ಬಣ್ಣದ ಟಿವಿ ಇದ್ದವರಿಗೆ ಕಾಣದ್ದು ಶರಣಸಿರಸಗಿಯ ಒಂದು ಏಳು ವರ್ಷದ ಹುಡುಗಿಗೆ ಕಂಡಿತ್ತು. ಈ ‘ಅಚ್ಚರಿ’ಯನ್ನ ನಾನು ಆಫೀಸಿನಲ್ಲಿ ಎಷ್ಟೋ ಸಲ ‘ನಾವು ಆಗ್ಲೇ ಕಂಡುಹಿಡಿದಿದ್ವಿ’ ಅಂತ ಹೇಳಿಕೊಂಡಿದ್ದೀನಿ. ಆ ‘ನಾವು’ ಅನ್ನೋ ಮಾತನ್ನ ಗಮನಿಸಿ.

ಅವಳಿಗೆ ಕಂಡದ್ದು ಹೇಗೆ? ಅವಳು ಆಡ್ತಿರಲಿಲ್ಲ, ನೋಡ್ತಿದ್ದಳು. ಇಬ್ಬರ ಆಟ ಅಂದ್ರೆ ಈ ಮಾರಿಯೋದಲ್ಲಿ ಇಬ್ಬರೂ ಒಟ್ಟಿಗೆ ಆಡೋದಲ್ಲ. ಮಾರಿಯೋ ಸತ್ತ ಮೇಲೆ ಲುಯಿಜಿ ಪಾಳಿ. ಒಂದನೇ ರಿಮೋಟಿನಲ್ಲಿ ಸೆಲೆಕ್ಟ್, ಸ್ಟಾರ್ಟ್ ಬಟನ್ ಇರುತ್ತೆ. ಎರಡನೇದರಲ್ಲಿ ಎರಡೂ ಇಲ್ಲ. ಫ್ಯಾಮಿಕಾಮ್‌ನಲ್ಲೇ ಹಾಗಿತ್ತು, ನಮ್ಮ ನಕಲಿನಲ್ಲೂ ಹಾಗೇ. ಅಂದ್ರೆ ಎರಡನೇಯವರು ಆಟದಲ್ಲಿ ಇರಬೇಕೋ ಬೇಡವೋ ಅಂತ ಒತ್ತಿ ಹೇಳೋದು ಒಂದನೇಯವರು. ನಡುವೆ ನಿಲ್ಲಿಸೋದೂ ಅವರೇ. ಈ ರಿಮೋಟನ್ನ ಅಣ್ಣತಂಗಿ ಇರೋ ಮನೆಗೆ ಕೊಟ್ಟರೆ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಅವಳ ಪಾಳಿ ಬರೋ ಹೊತ್ತಿಗೆ ನಾನು ರಿಸೆಟ್ ಒತ್ತಿ, ಕರೆಂಟಿನ ಮೇಲೆ ಹಾಕಿದ್ದೂ ಉಂಟು.

ಕರೆಂಟಿನ ಕಥೆಯೂ ಬೇರೆ. ಈ ಆಟದಲ್ಲಿ ಎಲ್ಲಿವರೆಗೆ ಬಂದ್ರಿ ಅಂತ ಉಳಿಸಿಡೋ ವ್ಯವಸ್ಥೆ ಇಲ್ಲ. ಕರೆಂಟು ಹೋದರೆ ಮತ್ತೆ ಒಂದರಿಂದ. ಜಪಾನಿನ ಮಕ್ಕಳಿಗೆ ಇದು ಆಟದ ಒಂದು ನಿಯಮ ಇರಬಹುದು, ನಮಗೆ ಇದೇ ಆಟ. ಒಂದನೇ ಲೋಕದ ಎರಡನೇ ಸ್ಟೇಜಿನಲ್ಲಿ ನೆಲಮಾಳಿಗೆಯ ಚಾವಣಿ ಮೇಲೆ ಹತ್ತಿ ಓಡಿದರೆ ಕೊನೆಗೆ ಮೂರು ಪೈಪು. ಅಲ್ಲಿಂದ ನೇರ ನಾಲ್ಕನೇ ಲೋಕ. ನಾಲ್ಕನೇ ಲೋಕದ ಎರಡನೇ ಸ್ಟೇಜಿನಿಂದ ಹೀಗೇ ಎಂಟಕ್ಕೆ. 32 ಸ್ಟೇಜಿನ ಆಟ ಎಂಟರಲ್ಲಿ ಮುಗಿಯುತ್ತೆ. ಬೇರೆಯವರು ಇದನ್ನ ಗುಟ್ಟು, ಚೀಟಿಂಗು ಅಂತಾರೆ. ಕರೆಂಟು ಯಾವಾಗ ಹೋಗುತ್ತೋ ಗೊತ್ತಿಲ್ಲದ ಊರಲ್ಲಿ ಅದೇ ಹೆದ್ದಾರಿ. ನಡುವಿನ ಲೋಕಗಳನ್ನ ನಾವು ಎಷ್ಟೋ ದಿನ ಮೆನುವಿನಿಂದ ಒತ್ತಿ ಇಣುಕಿ ನೋಡಿದ್ದೇ ಹೊರತು ದಾಟಿ ಹೋದವರಲ್ಲ.

ಇನ್ನೊಂದು ಮಾತು ಈ ಹಳೆ ನೆನಪಿನ ಲೇಖನಗಳಲ್ಲಿ ಬರೋದೇ ಇಲ್ಲ. ನಮ್ಮಲ್ಲಿ ಮಾರಿಯೋ ಆಡೋ ಆಟಕ್ಕಿಂತ ನೋಡೋ ಆಟ ಆಗಿತ್ತು. ಒಬ್ಬನ ಕೈಯಲ್ಲಿ ರಿಮೋಟು, ಹಿಂದೆ ಹದಿನೈದು ಜನ. ಕಿಟಕಿಯಲ್ಲಿ ನಾಲ್ಕು ತಲೆ. ‘ಜಿಗಿಯಲೇ’, ‘ಆಮಿ ಬಂತ್ ಆಮಿ’ ಅಂತ ಕೂಗಾಟ. ಮುತ್ಯಾ ಹೊರಸಿನ ಮೇಲೆ ಕೂತು ‘ಇವನೌನ, ಈ ಮೀಸಿ ಮನಶ್ಯಾ ಎಷ್ಟ್ ಸಾರ್ತಿ ಸಾಯ್ತಾನ’ ಅಂತಿದ್ದ. ರಾತ್ರಿಯಿಡೀ ದೊಡ್ಡಾಟ ನೋಡಿದ ಮನುಷ್ಯ. ಪಾತ್ರ ಸತ್ತರೆ ಸತ್ತ ಹಾಗಿರಬೇಕು ಅನ್ನೋದು ಅವನ ವಾದ. ಕೋಟೆ ಕೊನೆಗೆ ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಅಂತ ಬಂದಾಗ ಎಲ್ಲರೂ ಗೆದ್ದೆವು ಅಂತ ಚಪ್ಪಾಳೆ ಹೊಡೆದು, ಮುಂದಿನ ಸ್ಟೇಜು ಶುರುವಾದಾಗ ಮೋಸ ಅಂತ ಬೈದಿದ್ದೂ ಆಯ್ತು. ರಾಜಕುಮಾರಿ ಬೇರೆ ಕೋಟೆಯಲ್ಲಿದ್ದಾಳೆ ಅಂತ ಕೆಳಗಿನ ಸಾಲು ಓದೋಕೆ ಬರೋವಷ್ಟು ಇಂಗ್ಲಿಷು ಯಾರಿಗಿತ್ತು?

ಆಡೋನ ಕಣ್ಣು ಮಾರಿಯೋನ ಕಾಲಿನ ಮೇಲಿರುತ್ತೆ. ನೋಡೋರ ಕಣ್ಣು ಇಡೀ ಪರದೆ ಮೇಲಿರುತ್ತೆ. ಎಂಟನೇ ಲೋಕದ ಕೊನೆ ಕೋಟೆ ಒಂದು ಚಕ್ರವ್ಯೂಹ. ಸರಿಯಾದ ಪೈಪಿಗೆ ಇಳಿಯದೆ ಸುಮ್ಮನೆ ಬಲಕ್ಕೆ ಓಡುತ್ತಿದ್ದರೆ ಅದೇ ಜಾಗ ಮತ್ತೆ ಮತ್ತೆ ಬರುತ್ತೆ, ಗಡಿಯಾರ ಮುಗಿದು ಸಾಯ್ತೀರಿ. ಮೊದಲ ಸ್ಟೇಜಿನಿಂದ ‘ಬಲಕ್ಕೆ ಹೋಗು’ ಅಂತ ಕಲಿಸಿದ ಆಟ ಕೊನೆಯಲ್ಲಿ ಆ ಕಲಿಕೆಯನ್ನೇ ನಿಮ್ಮ ಮೇಲೆ ತಿರುಗಿಸುತ್ತೆ. ಇಡೀ ಆಟದಲ್ಲಿ ನನಗೆ ಅತಿ ಜಾಣತನದ್ದು ಅನ್ನಿಸೋದು ಇದೇ, ಎಲ್ಲರೂ ಹೊಗಳೋ ಮೊದಲ ಸ್ಟೇಜಲ್ಲ. ನಾನು ಹತ್ತಾರು ಸಲ ಓಡಿ ಸತ್ತೆ. ‘ಅಣ್ಣಾ, ಇದು ಆಗಳೇ ಬಂದ್ ಹೋದ ಜಾಗ. ಪೈಪ್ ಎಣಿಸು’ ಅಂದದ್ದು ತಂಗಿ. ಆಕೆ ಎಣಿಸಿದಳು, ನಾನು ಇಳಿದೆ. ಆ ದಿನ ಕರೆಂಟು ಹೋಗಲಿಲ್ಲ. ಓಣಿಯಲ್ಲಿ ಮಾರಿಯೋ ಮುಗಿಸಿದ ಹುಡುಗ ಅಂತ ಹೆಸರಾಗಿದ್ದು ನನ್ನದು.

ಈಗ ನಿಂಟೆಂಡೊದ ಸ್ವಿಚ್ ನನ್ನ ಹತ್ತಿರ ಇದೆ. ಕಂಪನಿ ಇಲ್ಲಿ ಅಧಿಕೃತವಾಗಿ ಮಾರಲ್ಲ, ಹಾಗಾಗಿ ಹೊರಗಿಂದ ತರಿಸಿದ ಮಾಲು, ಬೇರೆ ದೇಶದ ಅಕೌಂಟು. ಒಟ್ಟಿನಲ್ಲಿ ಮತ್ತೆ ಅಡ್ಡದಾರಿಯೇ. ಹಳೆ ನೆನಪನ್ನ ಮಾರೋದರಲ್ಲಿ ಈ ಕಂಪನಿಯಷ್ಟು ಪಳಗಿದವರು ಕಡಿಮೆ. 2016ರಲ್ಲಿ 30 ಆಟ ತುಂಬಿದ ಪುಟ್ಟ ಹಳೆ ಮಷೀನು ಬಿಟ್ಟರು. 2020ರಲ್ಲಿ ಮಾರಿಯೋಗೆ 35 ವರ್ಷ ಅಂತ ಮೂರು ಹಳೆ ಆಟದ ಕಟ್ಟು ತಂದು, 2021ರ ಮಾರ್ಚ್ 31ಕ್ಕೆ ಮಾರಾಟ ನಿಲ್ಲಿಸಿದರು. ಡಿಜಿಟಲ್ ಮಾಲಿಗೆ ಕಡೇ ತಾರೀಕು! ನೆನಪು ಕೈತಪ್ಪಿ ಹೋಗುತ್ತೆ ಅನ್ನೋ ಭಯವನ್ನೇ ಪ್ಯಾಕೆಟ್ ಮಾಡಿ ಮಾರಿದ ಹಾಗೆ.

ಸ್ವಿಚ್‌ನಲ್ಲಿ ಹಳೆ ಮಾರಿಯೋಗೆ 2019ರಿಂದ ಒಂದು ಸೌಲಭ್ಯ ಇದೆ, ರಿವೈಂಡ್. ಗುಂಡಿಗೆ ಬಿದ್ದರೆ ಎರಡು ಬಟನ್ ಒತ್ತಿ, ಬಿದ್ದಿದ್ದು ವಾಪಸ್. ನನಗೆ ತಕರಾರಿರೋದು ಇಲ್ಲೇ. 1985ರ ಮಾರಿಯೋದ ಒಂದು ಗುಣ ಏನಂದ್ರೆ ಪರದೆ ಬಲಕ್ಕೆ ಮಾತ್ರ ಸರಿಯುತ್ತೆ. ಒಂದು ನಾಣ್ಯ ಬಿಟ್ಟು ಮುಂದೆ ಬಂದ್ರೆ ಮುಗೀತು, ಎಡಕ್ಕೆ ಹೋಗೋಕೆ ಗೋಡೆ ಇಲ್ಲದ ಗೋಡೆ. ಮೂರನೇ ಭಾಗದಲ್ಲಿ ಹಿಂದಕ್ಕೂ ನಡೆಯಬಹುದು, ಆಟ ದೊಡ್ಡದೂ ಹೌದು. ಆದರೂ ಮೊದಲನೆಯದರ ಓಟಕ್ಕೆ ಒಂದು ಖದರು ಬಂದದ್ದು ಈ ಕಟ್ಟುನಿಟ್ಟಿನಿಂದ. ರಿವೈಂಡ್ ಹಾಕಿಕೊಂಡು ನಾನು ಒಂದು ರಾತ್ರಿ ಆಟ ಪೂರ್ತಿ ಮುಗಿಸಿದೆ, 32 ಸ್ಟೇಜೂ. ಒಂದು ಸಲವೂ ಅಂಗೈ ಬೆವರಲಿಲ್ಲ. ಮಕ್ಕಳಿಗೆ, ಬೆರಳು ನಿಧಾನ ಇರೋರಿಗೆ ಅದು ಬೇಕು, ಇರಲಿ. ನಾನು ಒತ್ತಿದ್ದು ಬೇರೆ ಕಾರಣಕ್ಕೆ: ನೆನಪಿನಲ್ಲಿ ನಾನು ಒಳ್ಳೆ ಆಟಗಾರ ಆಗಿದ್ದೆ, ಅದು ಸುಳ್ಳಾಗಬಾರದಿತ್ತು.

ಹೋದ ದಸರೆಗೆ ತಂಗಿ ಮಗಳನ್ನ ಕರಕೊಂಡು ಬೆಂಗಳೂರಿಗೆ ಬಂದಿದ್ದಳು. ನಾನು ಟಿವಿಗೆ ಸ್ವಿಚ್ ಜೋಡಿಸಿ, ಆಕೆಗೆ ಖುಷಿ ಆಗುತ್ತೆ ಅಂತ ಮಾರಿಯೋ ಹಚ್ಚಿ, ‘ನೆನಪದ ಏನು?’ ಅಂದೆ.

‘ನಂಗ ಮಾರಿಯೋಕ್ಕಿಂತ ನಿನ್ನ ಬೆನ್ನೇ ಹೆಚ್ಚ ನೆನಪದ ಅಣ್ಣಾ’ ಅಂದಳು. ‘ಟಿವಿ ಮುಂದ ಕುಂತ್ರ ಅರ್ಧಾ ಪರದಿ ಮುಚ್ಚತಿತ್ತು.’

ಕೋಪದಿಂದ ಅಂದದ್ದಲ್ಲ, ನಗುತ್ತಲೇ ಅಂದದ್ದು. ನಾನು ಒಂದನೇ ರಿಮೋಟು ಅವಳ ಕೈಗೆ ಕೊಟ್ಟೆ. ಮೊದಲ ಪ್ರಾಣಿಗೇ ಸತ್ತಳು. ರಿವೈಂಡ್ ಹೇಗೆ ಅಂತ ತೋರಿಸೋಕೆ ಹೋದರೆ ‘ಬ್ಯಾಡ’ ಅಂದಳು. ಎರಡನೇ ಸಲಕ್ಕೆ ಡಬ್ಬಿ ಗುದ್ದಿದಳು, ಅಣಬೆ ಹೊರಬಂತು. ಬಣ್ಣದ ಟಿವಿ, ನಲವತ್ತರ ಹತ್ತಿರದ ವಯಸ್ಸು, ಅದು ಒಳ್ಳೇದು ಅಂತ ಚೆನ್ನಾಗಿ ಗೊತ್ತು. ಆದರೂ ಬೆರಳು ತನ್ನಷ್ಟಕ್ಕೆ ಹಾರಿಸಿ ಮಾರಿಯೋನ್ನ ಇಟ್ಟಿಗೆ ಮೇಲೆ ಹತ್ತಿಸಿತು. ಅಣಬೆ ಕೆಳಗಿಂದ ಸರಿದು ಎಡಕ್ಕೆ ಹೋಗಿಬಿಟ್ಟಿತು.

‘ಏ ಅಮ್ಮಾ, ಹಿಂದ ಹೋಗಿ ಹಿಡಿ’ ಅಂತ ಮಗಳು ಕೂಗಿದಳು.

‘ಹೋಗಾಕ ಬರಲ್ಲ ಅದು’ ಅಂದಳು ತಂಗಿ. ನಾನು ಬಾಯಿ ತೆರೆಯೋದನ್ನ ಓರೆಗಣ್ಣಲ್ಲಿ ನೋಡಿ, ‘ನೀ ಏನೂ ಹೇಳಬ್ಯಾಡ. ಸ್ವಲ್ಪ ಆ ಕಡಿ ಸರಿ, ಕಾಣವಲ್ದು’ ಅಂದಳು.

ಸರಿದೆ.