ಮಳೆಯ ನಕ್ಷತ್ರವೂ ರೇಡಿಯೊ ದೂರದರ್ಶಕವೂ

ಹಿಂದಿನವರ ಆಕಾಶಜ್ಞಾನವನ್ನು ಕುರಿತು ಬರೆಯುವವರಲ್ಲಿ ಒಂದು ರೂಢಿ ಬೆಳೆದಿದೆ. ಹೊಸ ಯಂತ್ರ ತೋರಿಸಿದುದನ್ನೆಲ್ಲ ಹಿರಿಯರು ಮೊದಲೇ ಕಂಡಿದ್ದರೆಂದು ಸಾಧಿಸಹೊರಡುವುದೇ ಅದು. ಇದು ಹಿರಿಯರಲ್ಲಿ ಗೌರವವೆಂಬಂತೆ ತೋರುವುದು. ವಾಸ್ತವವಾಗಿ, ಯಂತ್ರದ ಮುದ್ರೆ ಬಿದ್ದಲ್ಲದೆ ಅವರ ಮಾತಿಗೆ ಬೆಲೆಯಿಲ್ಲವೆಂದು ಒಪ್ಪಿಕೊಂಡಂತೆಯೇ ಸರಿ.

ಇಂಥವರು ಮುಂದಿಡುವ ಆಸ್ಟ್ರೇಲಿಯದ ನಿದರ್ಶನವನ್ನೇ ನೋಡೋಣ. ಆ ಖಂಡದ ಪಶ್ಚಿಮದಲ್ಲಿ, ವಜಾರಿ ಜನರ ನೆಲದ ಮೇಲೆ, ರೇಡಿಯೊ ದೂರದರ್ಶಕಗಳ ಕ್ಷೇತ್ರವೊಂದುಂಟು. ೨೦೨೨ರಲ್ಲಿ ಅದಕ್ಕೆ ಆ ಜನರ ನುಡಿಯಲ್ಲಿಯೇ, ಆಕಾಶವನ್ನೂ ನಕ್ಷತ್ರಗಳನ್ನೂ ಹಂಚಿಕೊಳ್ಳುವುದು ಎಂಬರ್ಥದ ಹೆಸರನ್ನಿಟ್ಟರು. ಅಲ್ಲಿಯ ಒಂದು ದೂರದರ್ಶಕದ ಕಾರ್ಯದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಪಾಲುಗೊಂಡಿತ್ತು. ಆಸ್ಟ್ರೇಲಿಯದ ಹಲವು ಮೂಲನಿವಾಸಿಗಳು ಆಕಾಶಗಂಗೆಯಲ್ಲಿ ಎಮು ಎಂಬ ಹಾರಲಾರದ ದೊಡ್ಡ ಹಕ್ಕಿಯನ್ನು ಕಾಣುವರು. ಅದು ಚುಕ್ಕಿಗಳನ್ನು ಕೂಡಿಸಿ ಬರೆದ ಚಿತ್ರವಲ್ಲ. ಚುಕ್ಕಿಗಳ ನಡುವಣ ಕತ್ತಲೆಯೇ ಆ ಹಕ್ಕಿ. ತ್ರಿಶಂಕುವಿನ ಮಗ್ಗುಲ ಕಪ್ಪು ಕಲೆ ಅದರ ತಲೆ; ವೃಶ್ಚಿಕದ ಕಡೆಗೆ ಹಬ್ಬಿದ ಕಪ್ಪು ಅದರ ಒಡಲು. ಸಂಜೆಯಲ್ಲಿ ಅದರ ಭಂಗಿಯನ್ನು ನೋಡಿ ಎಮು ಮೊಟ್ಟೆಯಿಡುವ ಕಾಲವನ್ನು ತಿಳಿಯುವರು. (ವೈಶಾಖದ ಇರುಳು ಮೊಳಕಾಲ್ಮೂರಿನ ಬಂಡೆಯೊಂದನ್ನು ಹತ್ತಿದರೆ ತೆಂಕಣ ದಿಗಂತದ ಮೇಲೆ ತಗ್ಗಿನಲ್ಲಿ ತ್ರಿಶಂಕು ನಮಗೂ ಕಾಣುವುದು.)

ಈ ಹಕ್ಕಿಯನ್ನು ರೇಡಿಯೊ ದೂರದರ್ಶಕ ಸಮರ್ಥಿಸುವುದೆ? ಇಲ್ಲ, ಅಳಿಸಿಬಿಡುವುದು. ಆ ಕತ್ತಲೆಗೆ ಕಾರಣ ಧೂಳಿನ ಮೋಡಗಳು. ಅವು ಬೆಳಕನ್ನು ತಡೆಯಬಲ್ಲವು. ರೇಡಿಯೊ ಅಲೆಯನ್ನು ತಡೆಯಲಾರವು. ನಮ್ಮ ಗೌರಿಬಿದನೂರಿನ ಬಳಿ ೧೯೭೬ರಿಂದ ಕೆಲಸಮಾಡತೊಡಗಿದ ಸಾವಿರ ಆಂಟೆನಾಗಳ ದೂರದರ್ಶಕವು ೩೪.೫ ಮೆಗಾಹರ್ಟ್ಸಿನ, ಎಂದರೆ ಸುಮಾರು ೮.೭ ಮೀಟರು ಉದ್ದದ, ಅಲೆಗಳನ್ನು ಹಿಡಿಯಲು ಕಟ್ಟಿದುದು. ೧೯೯೦ರಲ್ಲಿ ಪ್ರಕಟವಾದ ಅದರ ಆಕಾಶಪಟದಲ್ಲಿ ಆಕಾಶಗಂಗೆ ಉಜ್ಜ್ವಲವಾದ ಪಟ್ಟಿ. ಧೂಳಿನ ಹಕ್ಕಿಗೆ ಅಲ್ಲಿ ಎಡೆಯಿಲ್ಲ. ಹಾಗೆಂದು ಹಕ್ಕಿ ಸುಳ್ಳಾಗಲಿಲ್ಲ. ಕಣ್ಣಿಗೆ ಕಂಡುದು ಒಂದು, ಆಂಟೆನಾ ಹಿಡಿದುದು ಇನ್ನೊಂದು.

ಇನ್ನು ನಮ್ಮ ಸೀಮೆಯ ಮಾತು. ಚಳ್ಳಕೆರೆಯ ರೈತನು ನಕ್ಷತ್ರ ನೋಡಿ ಶೇಂಗಾ ಬಿತ್ತುವನೆಂದು ಬರೆಯುವುದು ಸುಲಭ. ಆದರೆ ರೋಹಿಣಿ ಮಳೆಯೆಂದರೆ ಸೂರ್ಯನು ರೋಹಿಣಿಯಲ್ಲಿರುವ ಹದಿಮೂರು ಹದಿನಾಲ್ಕು ದಿನಗಳು. ಆಗ ರೋಹಿಣಿ ಅವನ ಪ್ರಭೆಯಲ್ಲಿ ಅಡಗಿರುವುದರಿಂದ ಇರುಳೆಲ್ಲ ಎಚ್ಚರವಿದ್ದರೂ ಕಾಣದು. ಮಳೆಗೆ ಹೆಸರು ಕೊಟ್ಟ ನಕ್ಷತ್ರ ಆ ಮಳೆಯಲ್ಲಿ ಕಾಣದ ನಕ್ಷತ್ರ! ಇದು ನೋಟದ ಫಲವಲ್ಲ, ಪಂಚಾಂಗದ ಗಣಿತದ ಫಲ. ಆ ಗಣಿತವೂ ಋತುವಿನಿಂದ ಸುಮಾರು ೭೨ ವರ್ಷಕ್ಕೆ ಒಂದು ದಿನದಂತೆ ಸರಿಯುತ್ತಿರುವುದು. ಸಾವಿರ ವರ್ಷಕ್ಕೆ ಒಂದು ಮಳೆಯಷ್ಟು ವ್ಯತ್ಯಾಸ. ಮಳೆಯ ನಕ್ಷತ್ರಗಳನ್ನು ಕೊಂಡಾಡುವ ಲೇಖನಗಳಲ್ಲಿ ಈ ವಿಚಾರ ಅಪರೂಪ.

ಕಣ್ಣಿನಿಂದಲೇ ಆಕಾಶವನ್ನು ಓದಿದವರು ಬೇರೆ ಇದ್ದಾರೆ: ದನ ಕುರಿಗಳೊಡನೆ ಬಯಲಿನಲ್ಲಿ ಇರುಳು ಕಳೆದ ಕಾಡುಗೊಲ್ಲರು, ಮ್ಯಾಸಬೇಡರು. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯಂಥವರ ಬಾಯಿಂದ ಸಾವಿರಾರು ಪದಗಳು ಬರಹಕ್ಕಿಳಿದುದು ನಮ್ಮ ಭಾಗ್ಯ. ಆದರೆ ಒಟ್ಟಿನಲ್ಲಿ ನಮ್ಮ ಸಂಗ್ರಾಹಕರು ಮಾತನ್ನು ಕೇಳಿದಷ್ಟು ಶ್ರದ್ಧೆಯಿಂದ, ಆ ಮಾತು ಬೆರಳಿಟ್ಟು ತೋರಿದ ಕಡೆಗೆ ತಲೆಯೆತ್ತಿ ನೋಡಿದಂತಿಲ್ಲ. ೨೦೦೯ರ ಈಚೆಗೆ ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಸಂದು ಗೋಡೆಯೊಳಗಾಯಿತು. ದನ ಕಾಯ್ದು ಅಲ್ಲಿ ಮಲಗಿದವರು ಮುದುಕರಾಗುತ್ತಿರುವರು. ಅವರ ಬಳಿ ಕುಳಿತು ಯಾವ ಚುಕ್ಕಿ, ಯಾವ ತಿಂಗಳು, ಯಾವ ಜಾವ, ಯಾವ ದಿಕ್ಕು ಎಂದು ಕೇಳಿ ಬರೆದುಕೊಳ್ಳುವ ಕೆಲಸ ಉಳಿದಿದೆ. ಹಾಡುವವಳು ಬೆಳ್ಳಿ ಮೂಡಿತೆಂದಾಗ ಅವಳು ಕಂಡುದು ಶುಕ್ರನನ್ನೋ, ಅಥವಾ ಬೆಳಗಾಯಿತೆಂಬುದಕ್ಕೆ ಅದು ಬರಿಯ ವಾಡಿಕೆಯ ಮಾತೋ? ಅಚ್ಚಾದ ಪುಟದಿಂದ ಇದನ್ನು ತಿಳಿಯುವ ಬಗೆಯಿಲ್ಲ, ಅವಳನ್ನೇ ಕೇಳಬೇಕು.