ಕೇಳಿಸದ ಡಂಗುರ

ಲಂಡನ್ನಿನ ಹ್ಯಾರೋದಲ್ಲಿ, ವೀಲ್ಡ್‌ಸ್ಟೋನ್ ಕಡೆ ನಮ್ಮ ಮನೆ. ಚಳಿಗಾಲದ ಒಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಊಟದ ಮೇಜಿನ ಮೇಲೇ ಲ್ಯಾಪ್‌ಟಾಪ್ ತೆರೆದು ಕೂತೆ. ಆಫೀಸಿನ ಹಳೇ ಪ್ರೋಗ್ರಾಮೊಂದನ್ನು ಪೈಥಾನ್ ಭಾಷೆಯ 3.12ನೇ ಆವೃತ್ತಿಗೆ ಏರಿಸಬೇಕಿತ್ತು. ಶುರುವಿನಲ್ಲೇ ಮುಗ್ಗರಿಸಿತು: ಡಿಸ್ಟ್‌ಯುಟಿಲ್ಸ್ ಎಂಬ ಮಾಡ್ಯೂಲೇ ಇಲ್ಲವಂತೆ. ಅದು ಡೆಪ್ರಿಕೇಟ್ ಆದದ್ದು, ಅಂದರೆ ಮುಂದೆ ತೆಗೆಯುತ್ತೇವೆ, ಬಳಸಬೇಡಿ ಎಂಬ ಎಚ್ಚರಿಕೆ ಬಂದದ್ದು, 2021ರ 3.10ರಲ್ಲಿ; ಕಿತ್ತು ಹಾಕಿದ್ದು 2023ರ 3.12ರಲ್ಲಿ. ನಡುವೆ ಎರಡು ವರ್ಷ ಡಂಗುರ ಸಾರಿದ್ದರು. ನನ್ನ ಕಿವಿಗೆ ಬಿದ್ದಿರಲಿಲ್ಲ.

ತಪ್ಪು ನನ್ನದೇ ಎನ್ನೋಣವೆಂದರೆ, ಪೂರ್ತಿ ನನ್ನದಲ್ಲ. 2010ರ ಪೈಥಾನ್ 2.7ರಲ್ಲೇ ಈ ಎಚ್ಚರಿಕೆಗಳ ಬಾಯಿ ಕಟ್ಟಿದರು. ಪ್ರೋಗ್ರಾಮ್ ಬಳಸುವವರಿಗೆ ಬರೆದವರ ಹಳವಂಡ ಯಾಕೆ ಕೇಳಿಸಬೇಕು ಎಂಬುದು ವಾದ; ತಳ್ಳಿಹಾಕುವಂಥದ್ದಲ್ಲ. 2018ರ 3.7ರಲ್ಲಿ ಅರ್ಧ ಬಿಚ್ಚಿದರು: ನೇರವಾಗಿ ಓಡಿಸುವ ಫೈಲಿನಲ್ಲೇ ಹಳೇ ಬಳಕೆ ಇದ್ದರೆ ಎಚ್ಚರಿಕೆ ಕಾಣುತ್ತದೆ, ಅದು ಕರೆದುಕೊಳ್ಳುವ ಲೈಬ್ರರಿಯೊಳಗಿದ್ದರೆ ಇಲ್ಲ. ಟೆಸ್ಟ್ ಓಡಿಸುವವರಿಗೆ ಎಲ್ಲವೂ ಕಾಣುತ್ತದೆ, ನಿಜ. ಆದರೆ ಹಳೇ ಸಾಮಾನು ತುಂಬಿರುವುದು ಟೆಸ್ಟ್ ಬರೆಯದವರ ಮನೆಯಲ್ಲೇ ಅಲ್ಲವೇ?

ಹಾಗಂತ ಕೂಗಿದರೆ ಸಾಕು ಎಂದೂ ಅಲ್ಲ. ಜಾವಾದಲ್ಲಿ ಥ್ರೆಡ್ಡನ್ನು ಹಠಾತ್ತನೆ ನಿಲ್ಲಿಸುವ ಸ್ಟಾಪ್ ಮೆಥಡ್ಡಿಗೆ 1998ರಲ್ಲೇ ಡೆಪ್ರಿಕೇಟೆಡ್ ಪಟ್ಟಿ ಅಂಟಿಸಿದರು. ಅದು ನಿಜಕ್ಕೂ ಕೆಲಸ ನಿಲ್ಲಿಸಿದ್ದು 2023ರ ಜಾವಾ 20ರಲ್ಲಿ. ಹೆಚ್ಚುಕಮ್ಮಿ ಕಾಲು ಶತಮಾನ! ಗಡುವಿಲ್ಲದ ಎಚ್ಚರಿಕೆ ಓದಿ ಬೆಳೆದ ಪ್ರೋಗ್ರಾಮರುಗಳಿಗೆ ಆ ಪದ ಗೋಡೆಯ ಮೇಲಿನ ‘ಉಗುಳಬೇಡಿ’ಯಷ್ಟೇ ಮಾಮೂಲಾಯಿತು.

ಗಡುವು ಅಂದರೆ ಹೇಗಿರಬೇಕು? ನಮ್ಮ ಬೀದಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಕೊಡಾಕ್ ಕಾರ್ಖಾನೆ ಇತ್ತು. 1891ರಲ್ಲಿ ತೆರೆದದ್ದು 2016ರಲ್ಲಿ ಮುಚ್ಚಿತು. ಈಗ ಅಲ್ಲಿ ಹೊಸ ಮನೆಗಳು. ಅದೇ ಕಂಪನಿ 1935ರಿಂದ ಮಾರುತ್ತಿದ್ದ ಕೊಡಾಕ್ರೋಮ್ ಫಿಲ್ಮನ್ನು 2009ರ ಜೂನಿನಲ್ಲಿ ನಿಲ್ಲಿಸುವುದಾಗಿ ಹೇಳಿತು. ಅದನ್ನು ತೊಳೆಯುತ್ತಿದ್ದ ಕಟ್ಟಕಡೆಯ ಲ್ಯಾಬ್, ಅಮೆರಿಕದ ಕಾನ್ಸಸ್‌ನದು, 2010ರ ಡಿಸೆಂಬರ್ 30ರ ನಂತರ ರೋಲ್ ತಗೊಳ್ಳುವುದಿಲ್ಲ ಎಂದಿತು. ದಿನಾಂಕ ಖಚಿತವಾಗಿತ್ತು, ಅದು ದಾಟಿದರೆ ಕೈಲಿರುವ ರೋಲ್ ಏನಾಗುತ್ತದೆಂಬುದೂ ಎಲ್ಲರಿಗೂ ಗೊತ್ತಿತ್ತು. ಡ್ರಾಯರಿನ ಮೂಲೆಯಲ್ಲಿದ್ದ ರೋಲುಗಳನ್ನು ಜನ ಹುಡುಕಿ ತೆಗೆದು ಅಂಚೆಗೆ ಹಾಕಿದರು.

ಪೈಥಾನಿಗೂ ಇಂಥ ಗಡುವು ಹಾಕುವುದು ಬರದ್ದೇನಲ್ಲ. 2008ರ 3.0ರಲ್ಲಿ ಪ್ರಿಂಟ್‌ಗೆ ಆವರಣ ಚಿಹ್ನೆ ಕಡ್ಡಾಯವಾದಾಗ ಸಿಕ್ಕ ಬೈಗುಳ ಅಷ್ಟಿಷ್ಟಲ್ಲ. ಹಳೇ 2.7ರ ಬೆಂಬಲ ನಿಲ್ಲಿಸುವ ಗಡುವನ್ನು 2015ರಿಂದ 2020ಕ್ಕೆ ತಳ್ಳಬೇಕಾಯಿತು. ಆಮೇಲೆ ಮಾತ್ರ ಅಲುಗಾಡಲಿಲ್ಲ. ಜೊತೆಗೆ ಒಂದು ಸಣ್ಣ ಉಪಕಾರ: ಹಳೇ ರೂಢಿಯಲ್ಲಿ ಪ್ರಿಂಟ್ ಬರೆದರೆ, ಆವರಣ ಬಿಟ್ಟಿದ್ದೀರಿ, ಹೀಗೆ ಬರೆಯಬೇಕಿತ್ತೇ ಎಂದು ಪೈಥಾನೇ ಕೇಳುವಂತೆ ಮಾಡಿದರು. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಡೆಪ್ರಿಕೇಶನ್ ಬರಹ ಆ ಒಂದು ಸಾಲು.

ಆ ರಾತ್ರಿ ಡಿಸ್ಟ್‌ಯುಟಿಲ್ಸ್ ಸಮಸ್ಯೆ ದಾಟಿ ಇನ್ನೊಮ್ಮೆ ಓಡಿಸಿದೆ. ಈ ಸಲ ಬೇರೊಂದು ದೂರು: ಸ್ಟ್ರಿಂಗುಗಳಲ್ಲಿ ಬ್ಯಾಕ್‌ಸ್ಲ್ಯಾಶ್ ಚಿಹ್ನೆಯ ತಪ್ಪು ಬಳಕೆ. 2016ರ 3.6ರಿಂದಲೂ ಪಿಸುಗುಟ್ಟುತ್ತಿದ್ದ ಈ ಎಚ್ಚರಿಕೆಯನ್ನು ಇದೇ 3.12ರಲ್ಲಿ ಎಲ್ಲರಿಗೂ ಕಾಣುವಂತೆ ಮಾಡಿದ್ದಾರೆ. ಪ್ರೋಗ್ರಾಮ್ ನಿಲ್ಲಲಿಲ್ಲ. ಫೈಲಿನ ಹೆಸರು, ಸಾಲಿನ ಸಂಖ್ಯೆ ಎರಡೂ ಪರದೆಯ ಮೇಲಿದ್ದವು. ಒಂಬತ್ತು ಕಡೆ ಸ್ಟ್ರಿಂಗಿನ ಮುಂದೆ ಆರ್ ಅಕ್ಷರ ಹಚ್ಚಿ, ಲ್ಯಾಪ್‌ಟಾಪ್ ಮುಚ್ಚಿದೆ.