ರಾಜನ ಪುಸ್ತಕದಲ್ಲಿ ಇಲ್ಲದ ಹೆಸರು

‘ದಿ ಲಾಸ್ಟ್ ಕಿಂಗ್‌ಡಮ್’ ಸರಣಿಯ ಮೂರನೇ ಸೀಸನ್ನಿನ ಕೊನೆಯ ಭಾಗದಲ್ಲಿ ಒಂದು ದೃಶ್ಯವಿದೆ. ವೆಸೆಕ್ಸ್‌ನ ರಾಜ ಆಲ್‌ಫ್ರೆಡ್ ಸಾವಿನ ಅಂಚಿನಲ್ಲಿದ್ದಾನೆ. ಕೋಣೆಯ ತುಂಬ ಬರೆದಿಟ್ಟ ಹಾಳೆಗಳು. ತನ್ನ ಕಾಲದ ಚರಿತ್ರೆಯನ್ನು ಅವನು ಪಾದ್ರಿಗಳಿಂದ ಬರೆಸಿದ್ದಾನೆ. ಅವನೆದುರು ನಿಂತಿರುವುದು ಉಟ್ರೆಡ್. ಆ ರಾಜ್ಯವನ್ನು ಕತ್ತಿ ಹಿಡಿದು ಉಳಿಸಿಕೊಟ್ಟವನು, ಆ ರಾಜನಿಂದಲೇ ಅಪರಾಧಿ ಎನಿಸಿಕೊಂಡು ಓಡಿಹೋಗಿದ್ದವನು. ಆ ಹಾಳೆಗಳಲ್ಲಿ ಅವನ ಹೆಸರು ಎಲ್ಲಿಯೂ ಇಲ್ಲ. ಇಬ್ಬರೂ ಅದನ್ನು ತಿಳಿದೇ ಮಾತಾಡುತ್ತಾರೆ.

ಐದು ಸೀಸನ್, 46 ಕಂತು, ಮೇಲೊಂದು ಸಿನಿಮಾ. ಗುರಾಣಿಗಳ ಗೋಡೆ, ಕೆಸರು, ರಕ್ತ, ಹೊತ್ತಿ ಉರಿಯುವ ಮನೆಗಳು. ಇಷ್ಟೆಲ್ಲ ನೋಡಿ ಮುಗಿಸಿದ ಮೇಲೂ ನನ್ನಲ್ಲಿ ಉಳಿದಿರುವುದು ಇಬ್ಬರು ಗಂಡಸರು ತಗ್ಗಿದ ದನಿಯಲ್ಲಿ ಮಾತಾಡುವ ಈ ದೃಶ್ಯವೇ. ಇದು ವೈಕಿಂಗರ ಕಥೆ ಎಂದು ನೋಡಲು ಕುಳಿತವನಿಗೆ, ಚರಿತ್ರೆಯನ್ನು ಯಾರು ಬರೆಯುತ್ತಾರೆ, ಬರೆಯುವಾಗ ಯಾರನ್ನು ಬಿಡುತ್ತಾರೆ ಎಂಬ ಕಥೆಯೂ ಇದರೊಳಗಿದೆ ಅನ್ನಿಸಿದ್ದು ಆಗ.

ನೋಡದವರಿಗಾಗಿ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುವುದಾದರೆ: ಒಂಬತ್ತನೇ ಶತಮಾನದ ಇಂಗ್ಲೆಂಡ್ ಇನ್ನೂ ಇಂಗ್ಲೆಂಡ್ ಆಗಿರಲಿಲ್ಲ. ನಾರ್ಥಂಬ್ರಿಯಾ, ಮರ್ಸಿಯಾ, ಈಸ್ಟ್ ಆಂಗ್ಲಿಯಾ, ವೆಸೆಕ್ಸ್ ಎಂಬ ಬೇರೆ ಬೇರೆ ಸ್ಯಾಕ್ಸನ್ ಮತ್ತು ಆಂಗಲ್ ರಾಜ್ಯಗಳಿದ್ದವು. 865ರಲ್ಲಿ ಬಂದಿಳಿದ ಡೇನರ ದೊಡ್ಡ ಸೈನ್ಯ ಒಂದೊಂದನ್ನೇ ಮುರಿಯಿತು. ಕೊನೆಗೆ ಉಳಿದದ್ದು ವೆಸೆಕ್ಸ್. 878ರ ಚಳಿಗಾಲದಲ್ಲಿ ಅದರ ರಾಜ ಆಲ್‌ಫ್ರೆಡ್ ಕೂಡ ಜೌಗು ನೆಲದಲ್ಲಿ ಅಡಗಿ ಕೂರಬೇಕಾಯಿತು. ಅದೇ ವರ್ಷ ಎಡಿಂಗ್ಟನ್‌ನಲ್ಲಿ ಅವನು ಗೆದ್ದ. ಸೋತ ಡೇನ್ ನಾಯಕ ಗುತ್ರಮ್‌ಗೆ ದೀಕ್ಷಾಸ್ನಾನ ಮಾಡಿಸಿ, ತಾನೇ ಅವನ ಧರ್ಮಪಿತನಾದ.

ಇದಿಷ್ಟು ಚರಿತ್ರೆ. ಉಟ್ರೆಡ್ ಇದರಲ್ಲಿಲ್ಲ. ಅವನು ಕಾದಂಬರಿಕಾರ ಬರ್ನಾರ್ಡ್ ಕಾರ್ನ್‌ವೆಲ್ ಹುಟ್ಟಿಸಿದ ಪಾತ್ರ. 2004ರಿಂದ 2020ರವರೆಗೆ ಬಂದ ಹದಿಮೂರು ಕಾದಂಬರಿಗಳ ನಾಯಕ. ನಾರ್ಥಂಬ್ರಿಯಾದ ಕಡಲ ತೀರದ ಬೆಬ್ಬನ್‌ಬರ್ಗ್ ಕೋಟೆಯ ಒಡೆಯನ ಮಗ. ಬಾಲ್ಯದಲ್ಲೇ ಅಪ್ಪನನ್ನು ಡೇನರು ಕೊಂದು, ಅವನನ್ನು ಹೊತ್ತೊಯ್ಯುತ್ತಾರೆ. ಹೊತ್ತೊಯ್ದ ರಾಗ್ನರ್‌ನೇ ಮುಂದೆ ಅವನಿಗೆ ಪ್ರೀತಿಯ ಸಾಕುತಂದೆಯಾಗುತ್ತಾನೆ. ಹುಟ್ಟಿನಿಂದ ಸ್ಯಾಕ್ಸನ್, ಬೆಳವಣಿಗೆಯಿಂದ ಡೇನ್. ಡೇನರ ದೇವರುಗಳನ್ನು ನಂಬುತ್ತ ಕ್ರೈಸ್ತ ರಾಜನಿಗೆ ಆಣೆ ಕೊಟ್ಟು ಸಿಕ್ಕಿಬಿದ್ದವನು.

ಈ ಪಾತ್ರದ ಹಿಂದೆ ಕಾರ್ನ್‌ವೆಲ್‌ರ ಸ್ವಂತ ಬದುಕಿದೆ. ಅವರೂ ದತ್ತುಮಗು, ಕಟ್ಟುನಿಟ್ಟಾದ ಒಂದು ಕ್ರೈಸ್ತ ಪಂಥದ ಮನೆಯಲ್ಲಿ ಬೆಳೆದವರು. ದೊಡ್ಡವರಾದ ಮೇಲೆ ತಮ್ಮ ಹೆತ್ತ ತಂದೆಯನ್ನು ಕೆನಡಾದಲ್ಲಿ ಹುಡುಕಿಕೊಂಡರು. ಆತನ ಕುಲನಾಮ ಔಟ್ರೆಡ್. ಆ ವಂಶಾವಳಿ ಹಿಂದಕ್ಕೆ ಹೋಗಿ ಬಂಬರ್ಗ್ ಕೋಟೆಯ ಉಟ್ರೆಡ್ ಎಂಬ ಹೆಸರಿನ ಒಡೆಯರನ್ನು ಮುಟ್ಟುತ್ತಿತ್ತು. ಇದು ತಿಳಿದ ಮೇಲೆ ಸರಣಿಯ ಎರಡು ಸಂಗತಿಗಳು ಬೇರೆಯೇ ಆಗಿ ಕಾಣುತ್ತವೆ. ಒಂದು, ಪಾದ್ರಿಗಳ ಮೇಲೆ ಉಟ್ರೆಡ್‌ಗಿರುವ ತೀರದ ಸಿಟ್ಟು. ಇನ್ನೊಂದು, ಪ್ರತಿ ಕಂತಿನ ಆರಂಭದಲ್ಲೂ ಅವನು ತನ್ನ ಹೆಸರು, ತನ್ನ ಅಪ್ಪನ ಹೆಸರು ಹೇಳಿಕೊಳ್ಳುವ ರೀತಿ. ಮೊದಲು ಅದು ಬರೀ ಜಂಬದ ಮಾತಾಗಿ ಕೇಳಿಸಿತ್ತು. ಆಮೇಲೆ ನೋಡಿದರೆ, ತನ್ನ ಹೆಸರನ್ನು ತಾನಲ್ಲದೆ ಇನ್ನಾರೂ ಹೇಳಲಾರರು ಎಂದು ಗೊತ್ತಿರುವವನ ಅವಸರ ಅದು.

ಸರಣಿಯ ನಿಜವಾದ ಸಾಧನೆ ಮಾತ್ರ ಆಲ್‌ಫ್ರೆಡ್. ಡೇವಿಡ್ ಡಾಸನ್ ಅಭಿನಯಿಸಿದ ಈ ರಾಜ ತೆಳ್ಳಗೆ, ಬಿಳಿಚಿಕೊಂಡು, ಹೊಟ್ಟೆನೋವಿನಿಂದ ಬಾಗಿಕೊಂಡೇ ಇರುತ್ತಾನೆ. ಇದು ಕಲ್ಪನೆಯಲ್ಲ, ಅವನ ಜೀವನಚರಿತ್ರೆ ಬರೆದ ಆಸ್ಸರ್ ಎಂಬ ಪಾದ್ರಿಯೇ ರಾಜನ ಕಾಯಿಲೆಯನ್ನು ದಾಖಲಿಸಿದ್ದಾನೆ. ಅಲೆಕ್ಸಾಂಡರ್ ಡ್ರೇಮನ್‌ನ ಉಟ್ರೆಡ್ ಕುದುರೆಯ ಮೇಲಿಂದ ಹಾರಿ ಇಳಿಯುವಾಗ ಡಾಸನ್ ಬರೀ ರೆಪ್ಪೆ ಎತ್ತುತ್ತಾನೆ, ಮತ್ತು ನಮ್ಮ ಕಣ್ಣು ಅವನ ಕಡೆಗೇ ಹೋಗುತ್ತದೆ. ಮೊದಲ ಸೀಸನ್ನಿನಲ್ಲಿ ರಾಜನೆದುರು ಕತ್ತಿ ಹಿರಿದ ತಪ್ಪಿಗೆ ಉಟ್ರೆಡ್ ಎಲ್ಲರ ಮುಂದೆ ಮಂಡಿಯೂರಿ ತೆವಳಿ ಪ್ರಾಯಶ್ಚಿತ್ತ ಮಾಡಬೇಕಾಗುತ್ತದೆ. ಅವನ ಅವಮಾನಕ್ಕೆ ನಾವು ಕುದಿಯುತ್ತೇವೆ. ಆದರೆ ಸ್ವಲ್ಪ ಹೊತ್ತಿನ ಮೇಲೆ, ಕತ್ತಿಯನ್ನು ಕಾನೂನಿನ ಕೆಳಗೆ ತರದೆ ರಾಜ್ಯ ಕಟ್ಟಲಾಗದು ಎಂಬ ಆಲ್‌ಫ್ರೆಡ್‌ನ ಲೆಕ್ಕವೂ ನಮಗೆ ತಿಳಿಯುತ್ತದೆ. ಕೃತಘ್ನನೂ ದೂರದರ್ಶಿಯೂ ಒಬ್ಬನೇ ಆಗಿರುವ ರಾಜನನ್ನು ಜನಪ್ರಿಯ ಸರಣಿಯೊಂದು ಇಷ್ಟು ತಾಳ್ಮೆಯಿಂದ ತೋರಿಸುವುದು ಅಪರೂಪ.

ಈ ರಾಜನಿಗೆ ಪುಸ್ತಕದ ಹುಚ್ಚಿತ್ತು ಎಂಬುದೂ ಚರಿತ್ರೆಯೇ. ಲ್ಯಾಟಿನ್ ಬಲ್ಲವರು ತನ್ನ ನಾಡಿನಲ್ಲಿ ವಿರಳವಾಗಿದ್ದಾರೆಂದು ಕೊರಗಿ, ಮುಖ್ಯವಾದ ಗ್ರಂಥಗಳನ್ನು ಜನರ ಭಾಷೆಯಾದ ಇಂಗ್ಲಿಷಿಗೆ ತರುವ ಕೆಲಸಕ್ಕೆ ಕೈಹಾಕಿದ. ಕನ್ನಡ ಓದುಗರಿಗೆ ಇಲ್ಲಿ ನೃಪತುಂಗ ನೆನಪಾಗದೆ ಇರಲಾರ. ಇಬ್ಬರೂ ಒಂದೇ ಶತಮಾನದವರು. ನೃಪತುಂಗನ ಆಳ್ವಿಕೆ ಮುಗಿದದ್ದು ಸುಮಾರು 878ರಲ್ಲಿ, ಎಡಿಂಗ್ಟನ್ ಕದನದ ಆಸುಪಾಸಿನಲ್ಲೇ. ಎರಡೂ ಕಡೆ ದೇಶಭಾಷೆ ರಾಜನ ನೆರಳಿನಲ್ಲಿ ಗ್ರಂಥಭಾಷೆಯಾಯಿತು. ಎರಡೂ ಕಡೆ ಒಂದೇ ತೊಡಕೂ ಉಳಿಯಿತು. ‘ಕವಿರಾಜಮಾರ್ಗ’ವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ನಾವು ಚರ್ಚಿಸಿದ ಹಾಗೆಯೇ, ಆಲ್‌ಫ್ರೆಡ್‌ನ ಹೆಸರಿನಲ್ಲಿರುವ ಅನುವಾದಗಳಲ್ಲಿ ಅವನದು ಎಷ್ಟು ಎಂದು ಅಲ್ಲಿನ ವಿದ್ವಾಂಸರೂ ಚರ್ಚಿಸುತ್ತಾರೆ. ರಾಜನ ಹೆಸರು ದೊಡ್ಡದಾಗಿ ನಿಂತಾಗ ಅದರ ಹಿಂದಿನ ಕೈ ಮಸುಕಾಗುತ್ತದೆ. ಕತ್ತಿ ಹಿಡಿದ ಕೈಗೂ ಲೇಖನಿ ಹಿಡಿದ ಕೈಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ.

ಸರಣಿ ಸೋಲುವುದು ಭಾಷೆಯ ವಿಷಯದಲ್ಲೇ. ಡೇನರೂ ಸ್ಯಾಕ್ಸನ್ನರೂ ಇಲ್ಲಿ ಒಂದೇ ಆಧುನಿಕ ಇಂಗ್ಲಿಷ್ ಆಡುತ್ತಾರೆ. ಉಚ್ಚಾರಣೆ ಮಾತ್ರ ಕೊಂಚ ಬೇರೆ. ಟಿವಿಗೆ ಇದು ಅನಿವಾರ್ಯ ಎನ್ನಬಹುದು. ಆದರೆ ಎರಡು ಮನೆಯ ಮಗನ ಕಥೆಯಲ್ಲಿ ಎರಡು ಭಾಷೆಯ ಸಂಕಟವೇ ಕಾಣದಿದ್ದರೆ ಹೇಗೆ? ಉಟ್ರೆಡ್ ಯಾವ ಭಾಷೆಯಲ್ಲಿ ಕನಸು ಕಾಣುತ್ತಾನೆ, ಸಿಟ್ಟು ಬಂದಾಗ ಯಾವ ಭಾಷೆಯಲ್ಲಿ ಬೈಯುತ್ತಾನೆ ಎಂದು ನಮಗೆ ಗೊತ್ತೇ ಆಗುವುದಿಲ್ಲ. ಅವನ ಎರಡುತನವೆಲ್ಲ ಕತ್ತಿನ ಸುತ್ತಿಗೆ ಪದಕಕ್ಕೆ, ಕೂದಲಿನ ಶೈಲಿಗೆ, ಚರ್ಚಿನ ಮೇಲಿನ ವ್ಯಂಗ್ಯಕ್ಕೆ ಇಳಿದುಬಿಡುತ್ತದೆ.

ನಿಜದ ಚರಿತ್ರೆ ಇಲ್ಲಿ ಕಥೆಗಿಂತ ಸ್ವಾರಸ್ಯದ್ದು. ಆ ಎರಡು ಭಾಷೆಗಳು ಒಡಹುಟ್ಟುಗಳಂತಿದ್ದವು. ಡೇನರು ಕೊಳ್ಳೆ ಹೊಡೆದು ಹೋಗಿಬಿಡಲಿಲ್ಲ; ನೆಲೆಸಿದರು, ಉತ್ತು ಬಿತ್ತಿದರು, ಅಲ್ಲಿಯವರನ್ನು ಮದುವೆಯಾದರು. ಇಂಗ್ಲಿಷಿನ ಎಗ್, ನೈಫ್, ಸ್ಕೈ, ಲಾ, ಹಸ್ಬೆಂಡ್ ಎಂಬ ಪದಗಳು ಅವರ ಭಾಷೆಯಿಂದ ಬಂದವು. ಡರ್ಬಿ, ವಿಟ್ಬಿಯಂಥ ಊರ ಹೆಸರುಗಳೂ ಹಾಗೆಯೇ. ‘ಅವರು’ ಎಂಬರ್ಥದ ‘ದೇ’ ಕೂಡ ಅಲ್ಲಿಂದಲೇ ಬಂದದ್ದು. ಹೊರಗಿನವರನ್ನು ‘ಅವರು’ ಎಂದು ಬೆರಳು ತೋರಿಸಲು ಬಳಸುವ ಪದವನ್ನೂ ‘ಅವರಿಂದಲೇ’ ಪಡೆದುಕೊಂಡ ಭಾಷೆ ಅದು. ಅಂದರೆ ಉಟ್ರೆಡ್ ಒಬ್ಬನ ಶಾಪವೆಂಬಂತೆ ಸರಣಿ ತೋರಿಸುವ ಬೆರಕೆ, ಸಾವಿರಾರು ಅಡುಗೆಮನೆಗಳಲ್ಲಿ ಹೊಲಗಳಲ್ಲಿ ಸದ್ದಿಲ್ಲದೆ ನಡೆದುಹೋಗಿತ್ತು. ಅವರ ಹೆಸರುಗಳೂ ಯಾವ ಪುಸ್ತಕದಲ್ಲಿಲ್ಲ. ಈ ಸರಣಿಯಲ್ಲೂ ಇಲ್ಲ.

ಬ್ರೀಡಾಳಿಗೆ ಆದದ್ದು ಇನ್ನೂ ದೊಡ್ಡ ಅನ್ಯಾಯ. ಉಟ್ರೆಡ್‌ನ ಹಾಗೆ ಅವಳೂ ಡೇನರ ಮನೆಯಲ್ಲಿ ಬೆಳೆದ ಸ್ಯಾಕ್ಸನ್ ಹುಡುಗಿ. ಅವನು ಎರಡು ದಡಗಳ ನಡುವೆ ತೂಗಾಡುವಾಗ ಅವಳು ಒಂದು ದಡವನ್ನು ಆರಿಸಿಕೊಂಡು ಗಟ್ಟಿಯಾಗಿ ನಿಂತಳು. ಒಂದೇ ಬಾಲ್ಯದಿಂದ ಹೊರಟ ಎರಡು ಉತ್ತರಗಳು ಇವು, ಮತ್ತು ಮೊದಲೆರಡು ಸೀಸನ್ನುಗಳಲ್ಲಿ ಎಮಿಲಿ ಕಾಕ್ಸ್ ಆ ಉತ್ತರಕ್ಕೆ ಘನತೆ ಕೊಟ್ಟಿದ್ದರು. ಆಮೇಲಾಮೇಲೆ ಬರೆಹಗಾರರಿಗೆ ಒಬ್ಬ ಖಳನಾಯಕಿ ಬೇಕಾದಳು. ಅವಳ ನಿಷ್ಠೆ ಬರೀ ದ್ವೇಷವಾಯಿತು, ದ್ವೇಷ ಉನ್ಮಾದವಾಯಿತು. ತೂಗಾಡಿದವನು ವೀರನಾದ, ಆರಿಸಿಕೊಂಡವಳು ರಾಕ್ಷಸಿಯಾದಳು. ಮಧ್ಯದಲ್ಲಿ ನಿಲ್ಲುವುದೇ ವಿವೇಕ ಎಂದು ನಂಬುವ ನಮ್ಮ ಕಾಲದ ತೀರ್ಪು ಇದು, ಒಂಬತ್ತನೇ ಶತಮಾನದ್ದಲ್ಲ.

ಇದರ ಬೇರು ಆಕರಗಳಲ್ಲೂ ಇದೆ. ಆ ಕಾಲದ ಡೇನರು ಕಲ್ಲಿನ ಮೇಲೆ ರೂನ್ ಲಿಪಿಯಲ್ಲಿ ಕೆತ್ತಿದರೇ ಹೊರತು ತಮ್ಮ ಚರಿತ್ರೆ ಬರೆಯಲಿಲ್ಲ. ಉತ್ತರದವರ ವೀರಕಥೆಗಳು ಐಸ್‌ಲ್ಯಾಂಡಿನಲ್ಲಿ ಗ್ರಂಥರೂಪಕ್ಕೆ ಬಂದದ್ದು ಶತಮಾನಗಳ ನಂತರ, ಹೆಚ್ಚಾಗಿ ಹದಿಮೂರನೇ ಶತಮಾನದಲ್ಲಿ. ಹಾಗಾಗಿ ನಮಗೆ ಸಿಗುವ ಡೇನ್ ಒಂದೋ ಏಟು ತಿಂದ ಪಾದ್ರಿ ಕಂಡ ಡೇನ್, ಇಲ್ಲವೇ ಇಂದಿನವರು ಬಯಸುವ ಡೇನ್: ಕುಡಿದು, ನಕ್ಕು, ಪಾಪದ ಭಯವಿಲ್ಲದೆ ಬದುಕುವವನು. ಸರಣಿ ಮೊದಲನೆಯದನ್ನು ಪ್ರಶ್ನಿಸುತ್ತದೆ, ಎರಡನೆಯದನ್ನು ಪ್ರಶ್ನಿಸದೆ ನಂಬುತ್ತದೆ. ಡೇನರಲ್ಲಿದ್ದ ಗುಲಾಮರ ವ್ಯಾಪಾರ ಉಟ್ರೆಡ್ ಸ್ವತಃ ಗುಲಾಮನಾದಾಗ ಕೆಲವು ಕಂತು ಕಾಣಿಸಿ ಮರೆಯಾಗುತ್ತದೆ.

2023ರ ‘ಸೆವೆನ್ ಕಿಂಗ್ಸ್ ಮಸ್ಟ್ ಡೈ’ ಸಿನಿಮಾ ಕಥೆಯನ್ನು 937ರ ಬ್ರುನನ್‌ಬರ್ ಕದನಕ್ಕೆ ತಂದು ನಿಲ್ಲಿಸುತ್ತದೆ. ಲೆಕ್ಕ ಹಾಕಿದರೆ ಉಟ್ರೆಡ್‌ಗೆ ಆಗ ಎಂಬತ್ತರ ಹತ್ತಿರ. ತೆರೆಯ ಮೇಲೆ ನಲವತ್ತು ದಾಟಿದಂತಿಲ್ಲ. ಅದನ್ನು ಕ್ಷಮಿಸೋಣ. ಜೀವಮಾನವೆಲ್ಲ ತನ್ನ ಕೋಟೆಗಾಗಿ ಹೋರಾಡಿದವನು ಕೊನೆಗೆ ತನ್ನ ನಾಡನ್ನು ಒಂದು ದೊಡ್ಡ ರಾಜ್ಯಕ್ಕೆ ಒಪ್ಪಿಸಿ ಗಾಯಗೊಂಡು ಒರಗುತ್ತಾನೆ.

ಆ ಕದನ ನಿಜವಾಗಿ ನಡೆದದ್ದು. ಆಂಗ್ಲೊ-ಸ್ಯಾಕ್ಸನ್ ಕ್ರಾನಿಕಲ್ ಆ ವರ್ಷದ ದಾಖಲೆಗೆ ತನ್ನ ಎಂದಿನ ಒಣ ಗದ್ಯವನ್ನು ಬಿಟ್ಟು ಪದ್ಯಕ್ಕೇ ಹೊರಳುತ್ತದೆ. ಅದರಲ್ಲಿ ಗೆದ್ದ ರಾಜ ಎಥೆಲ್‌ಸ್ಟನ್ ಇದ್ದಾನೆ, ಅವನ ತಮ್ಮ ಇದ್ದಾನೆ, ಸೋತು ಓಡಿದವರಿದ್ದಾರೆ, ಹೆಣ ಕಾಯುವ ಕಾಗೆ ತೋಳಗಳೂ ಇವೆ. ಬೆಬ್ಬನ್‌ಬರ್ಗ್‌ನ ಉಟ್ರೆಡ್ ಮಾತ್ರ ಇಲ್ಲ. ಸರಣಿ ನೋಡಿ ಮುಗಿಸಿದ ಮೇಲೆ ನಾನು ಆ ಪದ್ಯದ ಅನುವಾದವನ್ನು ಹುಡುಕಿ ಓದಿದೆ. ಇಲ್ಲವೆಂದು ಗೊತ್ತಿದ್ದೂ, ಸಾಲು ಸಾಲಿನಲ್ಲೂ ಅವನ ಹೆಸರನ್ನೇ ಹುಡುಕುತ್ತಿದ್ದೆ.